ಹಲಸಿನ ಮರದಡಿಯ ಒಣ ನೆರಳು: ಬೇಸಿಗೆ ದಾಟಿ ಉಳಿಯುವ ಗಿಡ ಯಾವುದು?

ಹಲಸಿನಡಿ · ಅಲೆವೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪಡು ಬದಿಯಲ್ಲಿ ಎರಡು ದೊಡ್ಡ ಹಲಸು, ಒಂದು ಕಾಟು ಮಾವು ಉಂಟು. ಮೂರೂ ಹಳೆಯ ಮರಗಳು. ಅವುಗಳ ಅಡಿಯಲ್ಲಿ ಎರಡು ಸೆಂಟ್ಸಿನಷ್ಟು ಜಾಗ ಖಾಲಿ ಬಿದ್ದಿದೆ. ಮಳೆಗಾಲದಲ್ಲಿ ಅಲ್ಲಿ ಕಾಲಿಟ್ಟರೆ ಜಾರುತ್ತದೆ, ಅಷ್ಟು ಪಾಚಿ. ಫೆಬ್ರವರಿ ಬಂತೆಂದರೆ ಅದೇ ನೆಲ ಪಿಕ್ಕಾಸಿಗೂ ಜಗ್ಗುವುದಿಲ್ಲ. ಪೂರ್ತಿ ಮುರ ಮಣ್ಣು, ಅಂದರೆ ಜಂಬಿಟ್ಟಿಗೆ.

ಅಲ್ಲಿಗೆ ವರ್ಷ ವರ್ಷ ಬದಲಿಸುವ ಗಿಡ ಬೇಡ. ಒಮ್ಮೆ ನೆಟ್ಟರೆ ಹಾಗೇ ಉಳಿಯುವಂಥದ್ದು ಬೇಕು. ನರ್ಸರಿಯಲ್ಲಿ ನೆರಳಿನ ಗಿಡ ಕೇಳಿದರೆ ಅಗ್ಲೋನಿಮಾ, ಕಲಾಥಿಯಾ, ಪೀಸ್ ಲಿಲ್ಲಿ ತೋರಿಸುತ್ತಾರೆ. ಚಂದವೇ ಇವೆ, ಆದರೆ ಎಲ್ಲಕ್ಕೂ ನೀರು ಬೇಕು. ನಮ್ಮ ಬಾವಿ ಏಪ್ರಿಲ್ ಕೊನೆಗೆ ತಳ ಕಾಣುತ್ತದೆ. ಕುಡಿಯುವ ನೀರಿಗೇ ಲೆಕ್ಕ ಹಾಕುವಾಗ ಹೂವಿನ ಗಿಡಕ್ಕೆ ಎಲ್ಲಿಂದ ತರುವುದು?

ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಮನೆಯ ಹಿಂದಿನ ದೊಡ್ಡ ಮರದ ಕೆಳಗೆ ಎಪಿಮೀಡಿಯಂ, ಸೈಕ್ಲಾಮೆನ್ ಅಂತ ಏನೇನೋ ಬೆಳೆಸಿದ್ದಾಳೆ. ಒಣ ನೆರಳಿಗೆ ಅವೇ ಸರಿ ಎನ್ನುತ್ತಾಳೆ. ಅಂಥದ್ದು ನಮ್ಮಲ್ಲಿ ಆಗುತ್ತದಾ? ಆಗದಿದ್ದರೆ ಬದಲಿಗೆ ಯಾವುದು?

ಬಾಲ್ಕನಿ ಕಾಡು · ಬಿಜೈ

ಒಳ್ಳೆಯ ಪ್ರಶ್ನೆ ಅಕ್ಕ. ನನಗೂ ಉತ್ತರ ಬೇಕು. ನಮ್ಮದು ಫ್ಲ್ಯಾಟ್. ಬಡಗು ದಿಕ್ಕಿನ ಬಾಲ್ಕನಿ, ಬಿಸಿಲು ಬೀಳುವುದೇ ಇಲ್ಲ. ಆನ್‌ಲೈನಿನಲ್ಲಿ ಹೋಸ್ಟಾ ಗಡ್ಡೆ ಮಾರುವುದು ನೋಡಿದೆ. ತರಿಸಬಹುದಾ?

ಕುಲಶೇಖರ ಮಾಷ್ಟ್ರು · ಮಂಗಳೂರು

ಹೋಸ್ಟಾ ತರಿಸಬೇಡಿ. ಅದು ಜಪಾನ್, ಕೊರಿಯಾ, ಚೀನಾ ಕಡೆಯ ಗಿಡ. ಚಳಿಗಾಲದಲ್ಲಿ ಕೆಲವು ವಾರ ಚೆನ್ನಾಗಿ ಚಳಿ ತಿಂದರೆ ಮಾತ್ರ ಮರುವರ್ಷ ಸರಿಯಾಗಿ ಚಿಗುರುತ್ತದೆ. ಮಂಗಳೂರಿನಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿ ಆಸುಪಾಸು ಇರುತ್ತದೆ. ಮೊದಲ ವರ್ಷ ನಾಲ್ಕು ಎಲೆ ಬಿಟ್ಟೀತು, ಆಮೇಲೆ ಸೊರಗುತ್ತದೆ. ಎಪಿಮೀಡಿಯಂ ಕತೆಯೂ ಹಾಗೇ.

ಆದರೆ ನಿಮ್ಮ ಮಗಳು ಬೆಳೆಸಿದ ಸೈಕ್ಲಾಮೆನ್ ಬಗ್ಗೆ ಸ್ವಲ್ಪ ಹೇಳಬೇಕು. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಾಡಿನ ಗಿಡ. ಅಲ್ಲಿ ಬೇಸಿಗೆ ಅಂದರೆ ಮಳೆ ಇಲ್ಲದ ಕಾಲ. ಆಗ ಅದು ಎಲೆ ಕಳಚಿ ಗಡ್ಡೆಯಾಗಿ ಮಣ್ಣಿನೊಳಗೆ ಇರುತ್ತದೆ. ಮಳೆ ಶುರುವಾಗುವ ಹೊತ್ತಿಗೆ ಮೊದಲು ಹೂ, ಆಮೇಲೆ ಎಲೆ. ಮರದ ಬೇರು ನೀರೆಲ್ಲ ಹೀರುವ ಕಾಲದಲ್ಲಿ ಇದಕ್ಕೆ ನೀರಿನ ಅಗತ್ಯವೇ ಇಲ್ಲ.

ಈ ಗುಣದ ಗಿಡಗಳು ನಮ್ಮ ಕಾಡಿನಲ್ಲೂ ಬೇಕಾದಷ್ಟಿವೆ. ನೆಲಸಂಪಿಗೆ ನೋಡಿದ್ದೀರಲ್ವಾ? ಡಿಸೆಂಬರಿಗೆ ಮಾಯ. ಏಪ್ರಿಲ್–ಮೇಯಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಬರೀ ನೆಲದಿಂದ ಬಿಳಿ–ನೇರಳೆ ಹೂ ಏಳುತ್ತದೆ, ಎಷ್ಟೊಂದು ಪರಿಮಳ! ಎಲೆ ಬರುವುದು ಆಮೇಲೆ. ದೇಶ ಬೇರೆ, ಕುಟುಂಬ ಬೇರೆ, ಬದುಕುವ ರೀತಿ ಮಾತ್ರ ಒಂದೇ. ಹಾಗಾಗಿ ಮಗಳ ತೋಟದಿಂದ ಗಿಡ ತರಬೇಡಿ, ಆ ಆಯ್ಕೆಯ ಹಿಂದಿನ ಕಾರಣ ತನ್ನಿ.

ಗುಡ್ಡೆಮನೆ · ಹಿರಿಯಡ್ಕ

ಮಾಷ್ಟ್ರು ಹೇಳಿದ್ದಕ್ಕೆ ನಾನು ಸೇರಿಸುತ್ತೇನೆ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಓದಿ.

ಮೊದಲು ನಮ್ಮ ಊರಿನ ಮಳೆ ನೋಡಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಸುಮಾರು 600 ಮಿ.ಮೀ., ಆದರೆ ತಿಂಗಳು ತಿಂಗಳು ಹಂಚಿಕೊಂಡು ಬರುತ್ತದೆ. ನಮ್ಮಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಒಂದು ಹನಿಯೂ ಇಲ್ಲ ಅಂದರೂ ನಡೆಯುತ್ತದೆ. ಹಾಗಾಗಿ ನಮ್ಮ ಗಿಡಕ್ಕೆ ಎರಡು ಪರೀಕ್ಷೆ. ನಾಲ್ಕು ತಿಂಗಳು ಕೊಳೆಯಬಾರದು. ಮತ್ತೆ ಐದಾರು ತಿಂಗಳು ಒಣಗಿ ಸಾಯಬಾರದು. ಪುಸ್ತಕದಲ್ಲಿ ಒಣ ನೆರಳಿಗೆ ಸರಿ ಎಂದು ಬರೆದ ಗಿಡಗಳಲ್ಲಿ ಎಷ್ಟೋ ನಮ್ಮ ಜುಲೈಗೇ ಸೋಲುತ್ತವೆ.

ಹಲಸಿನ ಅಡಿಯಲ್ಲಿ ಇನ್ನೊಂದು ವಿಷಯ ಉಂಟು. ಅದು ವರ್ಷವಿಡೀ ಎಲೆ ಇರುವ ಮರ, ದಟ್ಟ ಕೊಡೆ. ಮೇ ತಿಂಗಳ ಸಣ್ಣ ಮಳೆ ಎಲೆ ಒದ್ದೆ ಮಾಡಿ ಆವಿಯಾಗಿ ಹೋಗುತ್ತದೆ, ನೆಲಕ್ಕೆ ಮುಟ್ಟುವುದೇ ಇಲ್ಲ. ಅಂಗಳ ಒದ್ದೆಯಾದ ದಿನವೂ ಮರದಡಿ ಧೂಳು ಇರುತ್ತದೆ. ನೆರಳು ಇದ್ದಲ್ಲಿ ತೇವ ಇರುತ್ತದೆ ಎಂದು ನಂಬಿ ಗಿಡ ಆರಿಸಿದರೆ ಬೇಸಿಗೆಯಲ್ಲಿ ಕಷ್ಟ.

ಅದಕ್ಕೆ ನನ್ನ ಒಂದೇ ಮಾತು: ಬೇಸಿಗೆಯಲ್ಲಿ ನಿದ್ದೆ ಮಾಡುವ ಗಿಡಗಳನ್ನು ಆರಿಸಿ. ಶುಂಠಿ–ಅರಶಿನದ ಕುಟುಂಬ, ಸುವರ್ಣಗಡ್ಡೆ–ಕೆಸುವಿನ ಕುಟುಂಬ, ಈ ಎರಡರಲ್ಲೇ ನಿಮ್ಮ ಎರಡು ಸೆಂಟ್ಸ್ ತುಂಬುತ್ತದೆ. ನೆಲಸಂಪಿಗೆ ಮುಂದಿನ ಸಾಲಿಗೆ. ಕಚ್ಚೂರದ ಎಲೆ ನೆಲಕ್ಕೆ ಅಂಟಿಕೊಂಡು ಹರಡುತ್ತದೆ, ದಾರಿಯ ಅಂಚಿಗೆ ಅದು ಚಂದ. ಹಿಂದಕ್ಕೆ ಕಾಡು ಶುಂಠಿ. ಅದರ ಹೂವಿನ ಕೋನು ಮೊದಲು ಹಸಿರು, ಆಮೇಲೆ ಕೆಂಪು. ಹಿಚುಕಿದರೆ ಲೋಳೆ ನೀರು ಬರುತ್ತದೆ, ತಲೆಕೂದಲಿಗೆ ಹಚ್ಚುತ್ತಾರೆ. ಇನ್ನು ಕೋಷ್ಠ. ಕಾಂಡ ತಿರುಚಿಕೊಂಡು ಆಳೆತ್ತರ ಬೆಳೆದು, ತುದಿಯಲ್ಲಿ ಬಿಳಿ ಹೂ ಬಿಡುತ್ತದೆ. ಸ್ವಲ್ಪ ಬೆಳಕು ಬೀಳುವ ಅಂಚಿನಲ್ಲಿಡಿ.

ಅರಶಿನವನ್ನು ಮರೆಯಬೇಡಿ. ನಾಗರಪಂಚಮಿಗೆ ಅರಶಿನ ಎಲೆಯ ಕಡುಬು ಮಾಡುವಾಗ ಮಾರ್ಕೆಟಿಗೆ ಓಡುವ ಬದಲು ಹಿತ್ತಿಲಿಗೆ ಹೋದರಾಯಿತು. ನೆರಳಿನಲ್ಲಿ ಕೊಂಬು ಸಣ್ಣದಾಗುತ್ತದೆ, ಆದರೆ ಎಲೆ ಅಗಲ ಬರುತ್ತದೆ. ಕಡುಬಿಗೆ ಬೇಕಾದದ್ದು ಎಲೆಯೇ ಅಲ್ವಾ. ಪಕ್ಕದಲ್ಲಿ ಕುಕ್ಕುಶುಂಠಿ (ಮಾವಿನಶುಂಠಿ) ಹಾಕಿ, ತಂಬುಳಿಗೂ ಚಟ್ನಿಗೂ ಆಗುತ್ತದೆ.

ಇದಕ್ಕೆಲ್ಲ ಒಂದು ಷರತ್ತು. ಜನವರಿಯಿಂದ ಏಪ್ರಿಲ್ ತನಕ ಆ ಜಾಗ ಖಾಲಿ ಕಾಣುತ್ತದೆ. ಅದನ್ನು ಒಪ್ಪಿಕೊಳ್ಳಬೇಕು. ಗಿಡ ಸತ್ತಿತೆಂದು ನೀರು ಹಾಕಲು ಹೋಗಬಾರದು. ಮಲಗಿದ ಗಡ್ಡೆಗೆ ನೀರು ಹಾಕಿದರೆ ಅದು ಕೊಳೆಯುತ್ತದೆ.

ಅಡಿಕೆ ತೋಟ · ಬ್ರಹ್ಮಾವರ

ಗುಡ್ಡೆಮನೆಯವರ ಪಟ್ಟಿ ಸರಿ ಇದೆ. ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ನಾಲ್ಕು ತಿಂಗಳು ಖಾಲಿ ನೆಲ ನೋಡಿಕೊಂಡು ಯಾರು ಕೂರುತ್ತಾರೆ ಮಾರಾಯ್ರೆ? ಮದುವೆ, ಕೋಲ, ಮಕ್ಕಳ ರಜೆ, ಎಲ್ಲ ಬರುವುದೇ ಬೇಸಿಗೆಯಲ್ಲಿ. ಜನ ಬರುವಾಗ ಹಿತ್ತಿಲು ಹಸಿರಾಗಿ ಕಂಡರೆ ಸಂತೋಷ. ಡ್ರಿಪ್ ಹಾಕಿದರೆ ಕಡಿಮೆ ನೀರಿನಲ್ಲಿ ಆಗುತ್ತದೆ.

ಹಲಸಿನಡಿ · ಅಲೆವೂರು

ಮನೆಯಲ್ಲಿ ಅತ್ತೆಯವರದ್ದೂ ಇದೇ ಮಾತು. ಪೂರ್ತಿ ಖಾಲಿ ಕಂಡರೆ ಅವರಿಗೆ ಬೇಸರ. ಆದರೆ ಡ್ರಿಪ್ಪಿಗೂ ನೀರು ಬಾವಿಯಿಂದಲೇ ಬರಬೇಕು.

ಗುಡ್ಡೆಮನೆ · ಹಿರಿಯಡ್ಕ

ಡ್ರಿಪ್ ತೋಟಕ್ಕೆ ಸರಿ. ಅಡಿಕೆಗೆ ಬೇಸಿಗೆಯಲ್ಲಿ ಹೇಗೂ ನೀರು ಕೊಡುತ್ತೀರಿ. ಆ ತೇವದಲ್ಲೇ ಕಾಳುಮೆಣಸು, ಏಲಕ್ಕಿ, ವೀಳ್ಯದೆಲೆ ಎಲ್ಲ ಬದುಕುತ್ತವೆ. ಹಲಸಿನಡಿ ಹಾಗಲ್ಲ. ಡ್ರಿಪ್ಪಿನ ಹನಿ ಬಿದ್ದಲ್ಲಿಗೆ ಮರದ ಸಣ್ಣ ಬೇರು ಮೊದಲು ಬಂದು ಮುಟ್ಟುತ್ತದೆ. ನೀವು ಗಿಡಕ್ಕೆ ಕೊಟ್ಟೆವು ಅಂದುಕೊಳ್ಳುತ್ತೀರಿ, ಕುಡಿಯುವುದು ಹಲಸು.

ಹಸಿರು ಬೇಕೇ ಬೇಕು ಅಂದರೆ ನೀರನ್ನು ಒಳಗೇ ಕೂಡಿಡುವ ಗಿಡ ಆರಿಸಿ. ಸ್ನೇಕ್ ಪ್ಲಾಂಟ್ ಅದಕ್ಕೆ ಮೊದಲ ಹೆಸರು. ದಪ್ಪ ಎಲೆ, ಜೊತೆಗೆ ಅದು ಉಸಿರಾಟದ ರಂಧ್ರ ತೆರೆಯುವುದು ರಾತ್ರಿ, ಹಾಗಾಗಿ ಹಗಲಿನ ಬಿಸಿಗೆ ನೀರು ಕಳೆದುಕೊಳ್ಳುವುದಿಲ್ಲ. ಝಡ್‌ಝಡ್ ಪ್ಲಾಂಟ್ ಪೂರ್ವ ಆಫ್ರಿಕಾದ್ದು, ಮಣ್ಣಿನ ಕೆಳಗೆ ಆಲೂಗಡ್ಡೆ ಗಾತ್ರದ ಗಡ್ಡೆಯಲ್ಲಿ ನೀರು ಇಟ್ಟುಕೊಳ್ಳುತ್ತದೆ. ಇದನ್ನು ಮಾತ್ರ ಎತ್ತರದ ದಿಬ್ಬದಲ್ಲಿ ನೆಡಿ, ಮಳೆಗಾಲದ ನೀರು ನಿಂತರೆ ಗಡ್ಡೆ ಕರಗಿ ಹೋಗುತ್ತದೆ. ಎಲೆಯ ಅಡಿ ನೇರಳೆ ಇರುವ ರೋಯೋ ಸಹ ತಡೆದುಕೊಳ್ಳುತ್ತದೆ. ನಮ್ಮದೇ ಗಿಡ ಬೇಕಾದರೆ ಶತಾವರಿ. ಬುಡದಲ್ಲಿ ಗೊಂಚಲು ಗೊಂಚಲು ಬೇರು, ಅದರೊಳಗೆಲ್ಲ ನೀರು. ಮುಳ್ಳು ಉಂಟು, ಮಕ್ಕಳು ಓಡಾಡುವ ಕಡೆ ಬೇಡ.

ಇವನ್ನು ದಾರಿಯಿಂದ ಕಾಣುವ ಕಡೆ ಗುಂಪಾಗಿ ನೆಡಿ. ಒಳಗಿನ ಜಾಗ ನಿದ್ದೆ ಮಾಡುವವಕ್ಕೆ ಬಿಡಿ. ಅತ್ತೆಯವರಿಗೂ ಸಮಾಧಾನ, ಬಾವಿಗೂ ಹೊರೆ ಇಲ್ಲ.

ಕುಲಶೇಖರ ಮಾಷ್ಟ್ರು · ಮಂಗಳೂರು

ಅಬ್ಬಲಿಗೆಯನ್ನು (ಕನಕಾಂಬರ) ಯಾಕೆ ಬಿಟ್ಟಿರಿ? ಮಂಗಳೂರು–ಉಡುಪಿಯ ಹೆಂಗಸರ ಜಡೆಯ ಹೂ. ಅದು ಮೂಲದಲ್ಲಿ ಕಾಡಿನ ಮರಗಳ ಕೆಳಗೆ ಬೆಳೆಯುವ ಗಿಡ. ಶಂಕರಪುರ ಮಲ್ಲಿಗೆಗೆ ಬಿಸಿಲು ಬೇಕು, ಅಬ್ಬಲಿಗೆಗೆ ಅರೆ ನೆರಳು ಸಾಕು. ಒಣಗಿದ ಕಾಯಿಗೆ ನೀರು ತಾಗಿದರೆ ಟಪ್ ಅಂತ ಸಿಡಿದು ಬೀಜ ದೂರ ಹಾರುತ್ತದೆ. ಮೊದಲ ಮಳೆಗೆ ಬೀಜ ಬಿತ್ತುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಮರದ ಕೊಡೆಯ ಅಂಚಿನಲ್ಲಿ, ಬೆಳಗಿನ ಬೆಳಕು ಬೀಳುವ ಕಡೆ ನೆಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ತುಂಬ ನೀರು ಕೊಟ್ಟರೆ ಸಾಕು.

ಇನ್ನೊಂದು ನೆಲತಾಳೆ. ನೋಡಿದರೆ ಅಡಿಕೆಯ ಎಳೆ ಸಸಿಯ ಹಾಗೆ ಕಾಣುತ್ತದೆ, ನೆಲದ ಮಟ್ಟದಲ್ಲೇ ನಕ್ಷತ್ರದಂಥ ಹಳದಿ ಹೂ. ನಮ್ಮ ಮುರ ಗುಡ್ಡೆಗಳ ನೆರಳಲ್ಲಿ ತಾನಾಗಿ ಇರುತ್ತದೆ. ಔಷಧಿಗೆಂದು ಕಿತ್ತು ಕಿತ್ತು ಈಗ ಕಡಿಮೆಯಾಗಿದೆ. ಇಂಥ ಗಿಡಕ್ಕೆ ಒಂದು ಹಿತ್ತಿಲಿನಲ್ಲಿ ಜಾಗ ಸಿಕ್ಕರೆ ನನಗೆ ನಿಜಕ್ಕೂ ಖುಷಿ.

ಹಾಗೆಂದು ಯಾರೂ ಕಾಡಿಗೆ ಹೋಗಿ ಅಗೆಯಬೇಡಿ. ಸೋಮೇಶ್ವರ ವನ್ಯಜೀವಿ ಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇಲ್ಲಿಂದೆಲ್ಲ ಗಿಡ ಕೀಳುವುದು 1972ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ, ಅಲ್ಲಿ ಇರುವುದೇ ಸ್ವಲ್ಪ. ನೆಂಟರ ಹಿತ್ತಿಲು, ಹಳೆ ಮನೆಗಳು, ಔಷಧಿ ಗಿಡದ ನರ್ಸರಿ, ಇಷ್ಟು ಕಡೆ ಹುಡುಕಿದರೆ ಎಲ್ಲ ಸಿಗುತ್ತವೆ. ಯಾವ ಮರದ ಕೆಳಗೆ ಏನು ಬರುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಅಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿದ್ದಾರೆ. ಮಳೆಗಾಲದಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಹೋಗಿ, ವ್ಯತ್ಯಾಸ ಗೊತ್ತಾಗುತ್ತದೆ.

ಮರಳುಮನೆ · ಕಾಪು

ನಮ್ಮದು ಸಮುದ್ರದ ಬದಿ. ಮುರ ಅಲ್ಲ, ಪೂರ್ತಿ ಮರಳು. ತೆಂಗಿನ ಮರದಡಿ ಜಾಗ. ನೀರು ಹಾಕಿದ ಐದು ನಿಮಿಷಕ್ಕೆ ಒಣ. ನಮಗೂ ಇದೇ ಗಿಡಗಳಾ?

ಅಡಿಕೆ ತೋಟ · ಬ್ರಹ್ಮಾವರ

ತೆಂಗಿನದ್ದು ನಾನು ಹೇಳುತ್ತೇನೆ. ತೆಂಗಿನ ಬೇರು ಬಹುಪಾಲು ಬುಡದಿಂದ 2 ಮೀಟರ್ ಒಳಗೇ ಇರುತ್ತದೆ. ಅದಕ್ಕೇ ಗೊಬ್ಬರದ ಕಟ್ಟೆಯನ್ನು ಹೆಚ್ಚು ಕಡಿಮೆ ಅಷ್ಟೇ ಅಗಲಕ್ಕೆ ಮಾಡುವುದು. ಆ ವೃತ್ತ ಬಿಟ್ಟು ಹೊರಗೆ ನೆಟ್ಟರೆ ಪೈಪೋಟಿ ಕಡಿಮೆ. ಹಲಸಿನ ಹಾಗೆ ಕಷ್ಟ ಇಲ್ಲ. ನೆರಳೂ ಚಲಿಸುವ ನೆರಳು, ಗಿಡಕ್ಕೆ ಅದು ಒಳ್ಳೆಯದು.

ಮರಳಿಗೆ ತೆಂಗಿನ ಸಿಪ್ಪೆ ಹೂಳಿ. ಕಣಿ ತೆಗೆದು, ಸಿಪ್ಪೆಯ ಒಳಮೈ ಮೇಲೆ ಬರುವ ಹಾಗೆ ಸಾಲಾಗಿ ಜೋಡಿಸಿ, ಮೇಲೆ ಮಣ್ಣು ಮುಚ್ಚಬೇಕು. ಸಿಪ್ಪೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹಿಡಿಯುತ್ತದೆ. ಒಮ್ಮೆ ಹೂಳಿದರೆ ಐದಾರು ವರ್ಷ ಬರುತ್ತದೆ. ಮಳೆ ಶುರುವಾಗುವ ಮೊದಲು ಮಾಡಿ.

ಗಿಡ ಅಂದರೆ ನಿಮ್ಮಲ್ಲಿ ಸ್ಪೈಡರ್ ಲಿಲ್ಲಿ, ಕ್ರೈನಮ್ ಲಿಲ್ಲಿ ಚೆನ್ನಾಗಿ ಬರುತ್ತವೆ. ಉಪ್ಪು ಗಾಳಿಗೂ ಹೆದರುವುದಿಲ್ಲ. ಮಡಲು ಬಿದ್ದರೆ ಮುರಿಯುವಂಥ ಎತ್ತರದ ಗಿಡ ಬೇಡ.

ಮರಳುಮನೆ · ಕಾಪು

ಸಿಪ್ಪೆಗೆ ಬರ ಇಲ್ಲ. ಮಾಡುತ್ತೇವೆ. ಧನ್ಯವಾದ ಅಣ್ಣ.

ಗುಡ್ಡೆಮನೆ · ಹಿರಿಯಡ್ಕ

ಅಲೆವೂರಿನ ಅಕ್ಕನಿಗೆ ಗಿಡಕ್ಕಿಂತ ಮುಖ್ಯವಾದ ಒಂದು ಮಾತು ಬಾಕಿ ಇದೆ. ಮರದಡಿಯ ತರಗೆಲೆ ಗುಡಿಸಬೇಡಿ.

ನಮ್ಮಲ್ಲಿ ಅಂಗಳ ಗುಡಿಸುವ ಅಭ್ಯಾಸ ಮರದಡಿಗೂ ಹಬ್ಬಿದೆ. ಗುಡಿಸಿ, ಒಟ್ಟು ಮಾಡಿ, ಬೆಂಕಿ ಕೊಡುತ್ತಾರೆ. ಬರಿಯಾದ ಮುರ ಮಣ್ಣಿಗೆ ಜೂನ್‌ನಲ್ಲಿ ಮಳೆ ಹೊಡೆದು ಮೇಲಿನ ಪದರ ಕೊಚ್ಚಿ ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿ ನೇರ ನೆಲಕ್ಕೆ ತಾಗುತ್ತದೆ. ಹತ್ತು ವರ್ಷ ಗುಡಿಸಿದ ಮರದಡಿ ಕಲ್ಲಿನ ಹಾಗೆ ಇದ್ದರೆ ಅದಕ್ಕೆ ಮರ ಕಾರಣ ಅಲ್ಲ, ಹಿಡಿಸೂಡಿ ಕಾರಣ.

ಮೂರು ನಾಲ್ಕು ಇಂಚು ತರಗೆಲೆ ಹಾಗೇ ಬಿಡಿ. ಹಲಸಿನ ಎಲೆ, ಮಾವಿನ ಎಲೆ ದಪ್ಪ, ಕರಗಲು ಹೊತ್ತು ಬೇಕು. ಬೇಸಿಗೆಗೆ ಅದೇ ಒಳ್ಳೆಯದು, ತುಂಬ ಸಮಯ ನೆಲ ಮುಚ್ಚಿರುತ್ತದೆ. ಮೊದಲ ವರ್ಷ ಅದರ ಮೇಲೆ ಸ್ವಲ್ಪ ಸೆಗಣಿ ನೀರು ಚಿಮುಕಿಸಿದರೆ ಬೇಗ ಹುಡಿಯಾಗುತ್ತದೆ. ಗುಡ್ಡೆಯಲ್ಲೆಲ್ಲ ಹಬ್ಬುವ ಕಳೆ ಕಮ್ಯುನಿಸ್ಟ್ ಸೊಪ್ಪನ್ನೂ ಬೀಜ ಕಟ್ಟುವ ಮೊದಲು ಕಡಿದು ಹಾಕಬಹುದು. ಮರದ ಬುಡಕ್ಕೆ ಮಾತ್ರ ರಾಶಿ ಹಾಕಬೇಡಿ, ತೊಗಟೆ ಕೊಳೆತು ಗೆದ್ದಲು ಹತ್ತುತ್ತದೆ.

ನಾಗಬನದ ಒಳಗೆ ನೋಡಿ. ಅಲ್ಲಿ ಯಾರೂ ಗುಡಿಸುವುದಿಲ್ಲ, ಕತ್ತಿ ಹಾಕುವುದಿಲ್ಲ, ನೀರು ಹಾಕುವುದಿಲ್ಲ. ಏಪ್ರಿಲ್‌ನಲ್ಲೂ ಕಾಲ ಕೆಳಗೆ ನೆಲ ತಂಪು. ಮಳೆ ಬಂದ ಮೇಲೆ ಜರಿಗಿಡ, ಕಾಡು ಅರಿಶಿನ, ಮೆಣಸಿನ ಬಳ್ಳಿ, ಏನೆಲ್ಲ ಏಳುತ್ತದೆ. ಈಗ ಎಷ್ಟೋ ಕಡೆ ಮರ ಕಡಿದು, ಸುತ್ತ ಕಾಂಕ್ರೀಟ್ ಹಾಕಿ, ಕಲ್ಲಿಗೆ ಮಾತ್ರ ಪೂಜೆ ನಡೆಯುತ್ತದೆ. ಬನವೇ ಇಲ್ಲದ ನಾಗಬನ ನೋಡಿದಾಗ ನನಗೆ ತುಂಬ ಸಂಕಟ ಆಗುತ್ತದೆ.

ಬಾಲ್ಕನಿ ಕಾಡು · ಬಿಜೈ

ತರಗೆಲೆ ಬಿಟ್ಟರೆ ಹಾವು ಬರುವುದಿಲ್ವಾ? ನಮ್ಮ ಅಮ್ಮನ ಮನೆ ಕಾರ್ಕಳ ಕಡೆ. ಅಲ್ಲಿ ಇದೇ ಹೆದರಿಕೆಗೆ ದಿನಾ ಗುಡಿಸುತ್ತಾರೆ.

ಕುಲಶೇಖರ ಮಾಷ್ಟ್ರು · ಮಂಗಳೂರು

ಹೆದರಿಕೆ ನಿಜವಾದದ್ದೇ. ಕನ್ನಡಿ ಹಾವು (ಕೊಳಕುಮಂಡಲ) ತರಗೆಲೆಯಲ್ಲಿ ಬಿದ್ದುಕೊಂಡರೆ ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೈ ಬಣ್ಣವೇ ಒಣ ಎಲೆಯದ್ದು. ಹಾಗಾಗಿ ಮನೆಯ ಗೋಡೆಯಿಂದ, ಓಡಾಡುವ ದಾರಿಯಿಂದ ಏಳೆಂಟು ಅಡಿ ಗುಡಿಸಿ ಚೊಕ್ಕ ಇಡಿ. ಅದರಾಚೆ ಮಾತ್ರ ಎಲೆ ಬಿಡಿ. ಕಟ್ಟಿಗೆ ರಾಶಿ, ಹಂಚಿನ ರಾಶಿ ಅದೇ ಜಾಗದಲ್ಲಿ ಬೇಡ. ಇಲಿ ಸೇರುವುದು ಅಲ್ಲಿ, ಇಲಿ ಇದ್ದಲ್ಲಿಗೆ ಹಾವು. ಅಲ್ಲಿ ಕೆಲಸ ಮಾಡುವಾಗ ಗಂಬೂಟು ಹಾಕಿ, ಮೊದಲು ಕೋಲಿನಿಂದ ಎಲೆ ಸರಿಸಿ, ಬರಿಗೈ ಹಾಕಬೇಡಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೋಗಬೇಡಿ. ಸಣ್ಣ ಮಕ್ಕಳಿರುವ ಮನೆಯಾದರೆ ಎಲೆಯನ್ನು ಹುಡಿ ಮಾಡಿ ತೆಳುವಾಗಿ ಹರಡುವುದು ಉತ್ತಮ.

ಮಕ್ಕಳ ವಿಷಯ ಬಂತು, ಹೇಳಿಬಿಡುತ್ತೇನೆ. ಗೌರಿ ಹೂವಿನ (ಅಗ್ನಿಶಿಖೆ) ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ, ಜೀವಕ್ಕೇ ಅಪಾಯ. ನೋಡಲು ಚಂದ ಅಂತ ಗೆಣಸು, ಕುಕ್ಕುಶುಂಠಿಯ ಹತ್ತಿರ ನೆಡಬೇಡಿ, ಅಗೆಯುವಾಗ ಬೆರೆಯಬಾರದು. ಡಿಫೆನ್‌ಬೇಕಿಯಾ ಎಲೆ ಕಚ್ಚಿದರೆ ಬಾಯಿ ಊದುತ್ತದೆ.

ಹಲಸಿನಡಿ · ಅಲೆವೂರು

ತುಂಬ ಉಪಕಾರ. ಇಷ್ಟು ವಿವರ ಸಿಗಬಹುದೆಂದು ಅಂದುಕೊಂಡಿರಲಿಲ್ಲ. ಮೂರು ಸಂಶಯ ಉಂಟು. ಒಂದು, ನೆಡುವುದು ಯಾವಾಗ? ಎರಡು, ಹೊಂಡ ತೋಡಿದರೆ ಬರೀ ಬೇರು ಸಿಗುತ್ತದೆ, ಹೇಗೆ ನೆಡುವುದು? ಮೂರು, ನಮ್ಮಲ್ಲಿ ಕಾಡುಹಂದಿ ಬರುತ್ತದೆ. ಸುವರ್ಣಗಡ್ಡೆ ಹಾಕಿದರೆ ಉಳಿಯುತ್ತದಾ?

ಅಡಿಕೆ ತೋಟ · ಬ್ರಹ್ಮಾವರ

ಹಂದಿ ಇದ್ದರೆ ಸುವರ್ಣಗಡ್ಡೆ ಬೇಲಿಯ ಒಳಗೆ ಮಾತ್ರ. ನಮ್ಮಲ್ಲಿ ರಾತ್ರಿ ಒಂದೇ ಸಲ ಸಾಲು ಸಾಲು ಮಗುಚಿ ಹೋಗಿವೆ. ಅರಶಿನದ ಸುದ್ದಿಗೆ ಅಷ್ಟಾಗಿ ಬರುವುದಿಲ್ಲ. ಹಾಕುವುದಾದರೆ ಗಜೇಂದ್ರ ತಳಿ ಹಾಕಿ, ತುರಿಕೆ ಕಡಿಮೆ. ಫೆಬ್ರವರಿ–ಮಾರ್ಚ್‌ನಲ್ಲಿ ಗಡ್ಡೆ ಇಟ್ಟು ಮೇಲೆ ದಪ್ಪ ಸೊಪ್ಪು ಮುಚ್ಚಿದರೆ, ಮಳೆ ಬಿದ್ದಾಗ ತಾನಾಗಿ ಮೊಳೆಯುತ್ತದೆ. ಹಳೆಯ ಗಡ್ಡೆ ಹೂ ಬಿಟ್ಟರೆ ಎರಡು ದಿನ ಸತ್ತ ಇಲಿಯ ವಾಸನೆ, ಕಿಟಕಿಯ ಪಕ್ಕ ಬೇಡ.

ಆಫ್ರಿಕನ್ ಬಸವನಹುಳು ಇದ್ದರೆ ಅದನ್ನೂ ನೋಡಿಕೊಳ್ಳಿ. ಜೂನ್‌ನಿಂದ ರಾತ್ರಿ ಬಂದು ಎಳೆ ಚಿಗುರು ಪೂರ್ತಿ ತಿನ್ನುತ್ತದೆ. ಒದ್ದೆ ಗೋಣಿ ಹಾಸಿ, ಅಡಿಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸೇರಿರುತ್ತವೆ. ಕೈಗೆ ಗ್ಲೌಸ್ ಹಾಕಿ ಹೆಕ್ಕಿ ಉಪ್ಪು ನೀರಿಗೆ ಹಾಕಿ. ಗಿಡದ ಬುಡಕ್ಕೆ ಉಪ್ಪು ಎರಚಬೇಡಿ.

ಗುಡ್ಡೆಮನೆ · ಹಿರಿಯಡ್ಕ

ನೆಡುವ ಕಾಲ ಎರಡು. ಗಡ್ಡೆಗಳಾದರೆ ಪತ್ತನಾಜೆಗೆ ಮೊದಲು, ಅಂದರೆ ಮೇ ತಿಂಗಳ ಮೊದಲ ಎರಡು ವಾರ. ಮಣ್ಣಿನೊಳಗೆ ಕಾದು ಕೂತು ಮೊದಲ ದೊಡ್ಡ ಮಳೆಗೆ ಏಳಲಿ. ಬೇರಿರುವ ಹಸಿರು ಗಿಡಗಳಾದರೆ ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ. ಅದರ ಹಿಂದಿನ ಆಟಿ ತಿಂಗಳ ಜಡಿಮಳೆ ಕಳೆದಿರುತ್ತದೆ, ಮಣ್ಣು ಇನ್ನೂ ಮೆತ್ತಗಿರುತ್ತದೆ, ಬೇಸಿಗೆಗೆ ಮೊದಲು ಬೇರು ಇಳಿಯಲು ಮೂರು ತಿಂಗಳು ಸಿಗುತ್ತದೆ. ಜೂನ್‌ನಲ್ಲಿ ನೆಟ್ಟರೆ ಜುಲೈಯಲ್ಲಿ ಬುಡ ಕೊಳೆಯುವುದೇ ಜಾಸ್ತಿ.

ಅಡಿಕೆ ತೋಟ · ಬ್ರಹ್ಮಾವರ

ಇಲ್ಲ, ನಾನು ಜೂನ್ ಮೊದಲ ವಾರವೇ ಅನ್ನುತ್ತೇನೆ. ಇಳಿಜಾರಿದ್ದು ನೀರು ಹರಿದು ಹೋದರೆ ಕೊಳೆಯುವುದಿಲ್ಲ. ಬೇರಿಗೆ ಸೋಣಕ್ಕಿಂತ ಎರಡು ತಿಂಗಳು ಜಾಸ್ತಿ ಸಿಗುತ್ತದೆ.

ಗುಡ್ಡೆಮನೆ · ಹಿರಿಯಡ್ಕ

ಇಳಿಜಾರಿದ್ದರೆ ನೀವು ಹೇಳಿದ್ದು ಸರಿ. ಅಕ್ಕನ ಜಾಗದಲ್ಲಿ ಪಾಚಿ ಕಟ್ಟುತ್ತದೆ ಅಂದರೆ ನೀರು ನಿಲ್ಲುತ್ತದೆ ಅಂತ ಅರ್ಥ. ಅಲ್ಲಿಗೆ ಸೋಣವೇ ಸರಿ.

ಬೇರಿನ ವಿಷಯ. ಇಡೀ ಜಾಗ ಅಗೆಯಲು ಹೋಗಬೇಡಿ, ಮರಕ್ಕೂ ನೋವು, ಕಡಿದ ಬೇರು ಇನ್ನಷ್ಟು ಕವಲೊಡೆದು ಬರುತ್ತದೆ. ಕೈಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಅಲ್ಲಿಗೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ದೊಡ್ಡ ಬೇರುಗಳ ನಡುವಿನ ಸಂದಿಗಳಲ್ಲಿ ಸಣ್ಣ ಸಣ್ಣ ಹೊಂಡ ಮಾಡಿ, ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ತುಂಬಿ. ಸಣ್ಣ ಗಿಡವನ್ನೇ ನೆಡಿ, ದೊಡ್ಡ ಗಿಡ ತಂದರೆ ಹೊಂಡವೂ ದೊಡ್ಡದಾಗುತ್ತದೆ. ಗಡ್ಡೆ ಎರಡು ಮೂರು ಇಂಚು ಆಳ ಸಾಕು. ಮಣ್ಣು ಸ್ವಲ್ಪ ಏರಿಸಿ ದಿಬ್ಬ ಮಾಡಿ, ಆದರೆ ಮರದ ಬುಡಕ್ಕೆ ಮಣ್ಣು ಏರಬಾರದು. ಹಲಸಿನ ಕೆಳಗಿನ ಒಂದೆರಡು ಗೆಲ್ಲು ತೆಗೆಸಿದರೆ ಬೆಳಕು ಒಳಗೆ ಬರುತ್ತದೆ, ಅರಶಿನ, ಅಬ್ಬಲಿಗೆ ಇನ್ನೂ ಚೆನ್ನಾಗಿ ಬರುತ್ತವೆ.

ಹಸಿರು ಗಿಡಗಳಿಗೆ ಮೊದಲ ಬೇಸಿಗೆ ಮಾತ್ರ ಸ್ವಲ್ಪ ನೀರು ಬೇಕು. ಅದಕ್ಕೆ ಮಣ್ಣಿನ ಮಡಕೆ ಹೂಳಿ, ಬಾಯಿ ಮಾತ್ರ ಮೇಲಿರಲಿ. ನೀರು ತುಂಬಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಸೊಳ್ಳೆ. ನಿಧಾನ ಒಸರುತ್ತದೆ, ಮೇಲೆ ಸುರಿದ ನೀರಿನ ಹಾಗೆ ಆವಿಯಾಗಿ ಹೋಗುವುದಿಲ್ಲ. ಅಕ್ಕಿ ತೊಳೆದ ನೀರನ್ನೇ ಸೋಸಿ ಹಾಕಬಹುದು. ಎರಡನೇ ವರ್ಷ ಮಡಕೆ ತೆಗೆದು ಬೇರೆ ಕಡೆ ಹೂಳಿ.

ಬಾಲ್ಕನಿ ಕಾಡು · ಬಿಜೈ

ನನ್ನ ಕುಂಡಗಳಿಗೆ ಏನು ಹೇಳುತ್ತೀರಿ? ಬೇಸಿಗೆಯಲ್ಲಿ ಊರಿಗೆ ಹೋದರೆ ಹತ್ತು ಹದಿನೈದು ದಿನ ನೀರು ಹಾಕುವವರಿಲ್ಲ. 2019ರ ಮೇಯಲ್ಲಿ ತುಂಬೆ ಡ್ಯಾಂನಲ್ಲಿ ನೀರು ಇಳಿದು ನಗರಕ್ಕೆ ಸರದಿ ಮೇಲೆ ನೀರು ಬಿಟ್ಟಾಗ ಗಿಡಕ್ಕೆ ಒಂದು ಚೊಂಬು ಹಾಕಲೂ ಮನಸ್ಸು ಬರುತ್ತಿರಲಿಲ್ಲ.

ಕುಲಶೇಖರ ಮಾಷ್ಟ್ರು · ಮಂಗಳೂರು

ಕುಂಡದಲ್ಲಿ ನಿಮಗೆ ಅನುಕೂಲವೇ ಜಾಸ್ತಿ, ಮರದ ಬೇರಿನ ಕಾಟ ಇಲ್ಲ. ಝಡ್‌ಝಡ್, ಸ್ನೇಕ್ ಪ್ಲಾಂಟ್ ಎರಡೂ ಹದಿನೈದು ದಿನ ನೀರಿಲ್ಲದೆ ಆರಾಮ ಇರುತ್ತವೆ. ಮೇ ಫ್ಲವರ್ ಇಡಿ, ಆ ಕೆಂಪು ಚೆಂಡಿನ ಹೂ. ಬಾಲ್ಕನಿಯಲ್ಲಿ ಬೆಳಕು ಜಾಸ್ತಿ ಇರುವ ಮೂಲೆಗೆ ಅದು. ಚಳಿಗಾಲಕ್ಕೆ ಎಲೆ ಒಣಗಿದ ಮೇಲೆ ಕುಂಡವನ್ನು ಹಾಗೇ ಮೂಲೆಗೆ ಸರಿಸಿ, ಏಪ್ರಿಲ್ ಕೊನೆಗೆ ನೀರು ಶುರು ಮಾಡಿ. ಕಲಾಡಿಯಂ ಕೂಡ ಹಾಗೇ ಮಲಗುತ್ತದೆ. ಕೊಕೊಪೀಟ್ ಬಳಸುವುದಾದರೆ ಎರಡು ಮೂರು ಸಲ ತೊಳೆದು ಬಳಸಿ, ಉಪ್ಪಿನ ಅಂಶ ಹೋಗಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಮಂಗಳೂರಿನಲ್ಲಿ ಡೆಂಗಿ ಇರುವಾಗ ಅದು ಅಪಾಯ.

ಒಂದು ಮನವಿ ಎಲ್ಲರಿಗೂ. ಬೇಗ ಹರಡುತ್ತದೆ ಅಂತ ಸಿಂಗಾಪುರ ಡೇಸಿ, ಸಿಂಗೋನಿಯಂ, ಮನಿ ಪ್ಲಾಂಟ್ ನೆಲಕ್ಕೆ ಬಿಡಬೇಡಿ. ಹಿತ್ತಿಲಿನಿಂದ ತೋಡಿಗೆ, ತೋಡಿನಿಂದ ಕಾಡಿಗೆ ಹೋಗುತ್ತವೆ. ಆಮೇಲೆ ಕಿತ್ತು ಮುಗಿಯುವುದಿಲ್ಲ. ಹಲಸಿನ ಕಾಂಡದ ಮೇಲೆ ಹಸಿರು ಬೇಕಾದರೆ ಕಾಳುಮೆಣಸು ಹಬ್ಬಿಸಿ. ಮರಕೆಸು ಇದ್ದರೆ ಅದಕ್ಕೂ ಆ ಕಾಂಡವೇ ಜಾಗ. ಬೇಸಿಗೆಯಲ್ಲಿ ಗಡ್ಡೆ ಮಾತ್ರ ತೊಗಟೆಯ ಸಂದಿಯಲ್ಲಿ, ಆಟಿಯಲ್ಲಿ ಪತ್ರೊಡೆಗೆ ಎಲೆ ಸಿದ್ಧ.

ಹಲಸಿನಡಿ · ಅಲೆವೂರು

ಈಗ ಯೋಚನೆ ಒಂದು ರೂಪಕ್ಕೆ ಬಂತು. ಮನೆ ಬದಿಯ ಏಳೆಂಟು ಅಡಿ ಗುಡಿಸಿಕೊಂಡೇ ಇಡುತ್ತೇವೆ. ದಾರಿಯ ಬದಿಗೆ ಸ್ನೇಕ್ ಪ್ಲಾಂಟ್, ರೋಯೋ. ಅಂಚಿಗೆ ಅಬ್ಬಲಿಗೆ, ಅದು ಅತ್ತೆಯವರ ಪಾಲಿಗೆ. ಒಳಗೆ ಅರಶಿನ, ಕುಕ್ಕುಶುಂಠಿ, ಕಾಡು ಶುಂಠಿ, ನೆಲಸಂಪಿಗೆ. ಸುವರ್ಣಗಡ್ಡೆ ಈ ವರ್ಷ ಬೇಡ, ಬೇಲಿ ಆಗಲಿ. ನೆಲಸಂಪಿಗೆ ಗಡ್ಡೆ ಮಾತ್ರ ಎಲ್ಲೂ ಸಿಗಲಿಲ್ಲ.

ಗುಡ್ಡೆಮನೆ · ಹಿರಿಯಡ್ಕ

ನಮ್ಮಲ್ಲಿ ಉಂಟು ಅಕ್ಕ, ಕೊಡುತ್ತೇನೆ. ಈಗ ಮಲಗಿದೆ, ಏಪ್ರಿಲ್ ಕೊನೆಗೆ ಬನ್ನಿ. ಗಡ್ಡೆಯ ಜೊತೆ ಮೊಟ್ಟೆಯಂಥ ಸಣ್ಣ ಬೇರುಗಂಟುಗಳು ನೇತಾಡುತ್ತವೆ, ಅವನ್ನು ಕೀಳಬೇಡಿ, ಅದರ ಆಹಾರ ಅಲ್ಲೇ ಇರುವುದು. ಕಣ್ಣು ಮೇಲೆ ಬರುವ ಹಾಗೆ ನೆಡಿ. ನೆಟ್ಟಲ್ಲಿ ಒಂದು ಕೋಲು ಊರಿ ಗುರುತು ಇಡಿ, ಇಲ್ಲದಿದ್ದರೆ ಮುಂದಿನ ಬೇಸಿಗೆಯಲ್ಲಿ ಅದೇ ಜಾಗಕ್ಕೆ ಯಾರಾದರೂ ಪಿಕ್ಕಾಸು ಹಾಕುತ್ತಾರೆ. ಬರುವಾಗ ಬಟ್ಟೆ ಚೀಲ ತನ್ನಿ. ಪ್ಲಾಸ್ಟಿಕ್ಕಿನಲ್ಲಿ ಗಡ್ಡೆ ಬೆವರುತ್ತದೆ.